ಹದಿನೇಳನೇ ನಂಬರಿನ ಸೀಸೆ

ಅರಸೀಕೆರೆ
10 ಜನವರಿ 2001

ಪ್ರೀತಿಯ ಅಕ್ಕ,

ಜೈಭೀಮ್. ಜೊತೆಗಿಟ್ಟಿರುವ ಹಾಳೆಗಳನ್ನು ನೋಡಿ ಗಾಬರಿಯಾಗಬೇಡ, ಕೋರ್ಟಿನ ನೋಟೀಸಲ್ಲ. ನಮ್ಮ ಹೊಸ ಸಂಘದ ಧ್ಯೇಯೋದ್ದೇಶಗಳು. ಜಿಲ್ಲೆಯ ಖಾಸಗಿ ಲ್ಯಾಬಿನವರೆಲ್ಲ ಸೇರಿ ಸಂಘ ಕಟ್ಟಿದ್ದೇವೆ. ಹಾಸನದ ಏಕಾಂತಯ್ಯನವರು ಅಧ್ಯಕ್ಷರು. ಕಾರ್ಯದರ್ಶಿ ಯಾರು ಅಂತ ಹೇಳಬೇಕೇ? ನಿನ್ನ ತಮ್ಮ.

ಸಕ್ಕರೆ ಕಾಯಿಲೆ, ಜಾಂಡೀಸು ಅಂತ ನೋಡಿಕೊಂಡು ಕೂರುವ ಕಾಲ ಮುಗಿಯಿತು ಅಕ್ಕ. ಕೆಲಸಗಾರರು ಗಾಂಜಾ, ಅಫೀಮು ಏನಾದರೂ ಸೇವಿಸುತ್ತಾರೋ ಅಂತ ಕಂಪನಿಗಳೇ ಪರೀಕ್ಷೆ ಮಾಡಿಸುವ ಕಾಲ ಬಂದಿದೆ. ಹೊರದೇಶಗಳಲ್ಲಿ ಇದು ದೊಡ್ಡ ಉದ್ಯಮ. ನಮ್ಮ ಕಡೆ ಕಾಫಿ ಕೊಳ್ಳುವ ಪರದೇಶದ ವ್ಯಾಪಾರಿಗಳೂ ಈಗ ಆ ಸರ್ಟಿಫಿಕೇಟು ಕೇಳುತ್ತಿದ್ದಾರಂತೆ. ಬಿಕ್ಕೋಡು ರಸ್ತೆಯಲ್ಲಿರುವ ಭಾವನ ಕಂಪನಿಯವರೇ ಮೊದಲು ಒಪ್ಪಿಕೊಂಡರು. ಆ ಕೆಲಸ ನನ್ನ ಲ್ಯಾಬಿಗೇ ಬಂದಿದೆ. ಭಾವನಿಗೆ ಹೇಳು, ಹೆದರಬೇಡಿ, ಟೀ ಕುಡಿದರೆ ಪತ್ತೆಯಾಗುವುದಿಲ್ಲ ಅಂತ!

ಧ್ಯೇಯಗಳನ್ನು ನಾವು ಇಂಗ್ಲಿಷಿನಲ್ಲಿ ಬರೆದು ಆಮೇಲೆ ಕನ್ನಡಕ್ಕೆ ತಂದೆವು. ನೀನು ಕನ್ನಡ ಮೇಡಂ. ಸ್ವಲ್ಪ ತಿದ್ದಿಕೊಡು. ಮಾರ್ಚ್ ಹನ್ನೊಂದಕ್ಕೆ ಹಾಸನದಲ್ಲಿ ಉದ್ಘಾಟನೆ, ಅಲ್ಲಿ ನಾನೇ ಓದಬೇಕು.

ಇನ್ನೊಂದು ಮುಖ್ಯ ವಿಷಯ. ಮಗಳ ನಾಮಕರಣ ಇಪ್ಪತ್ತೆಂಟನೇ ತಾರೀಕು, ಭಾನುವಾರ. ಭಾವನೇ ತ್ರಿಶರಣ, ಪಂಚಶೀಲ ಹೇಳಿಕೊಡಬೇಕು. ಬೇರೆ ಯಾರನ್ನೂ ಕರೆಸುವುದಿಲ್ಲ ಅಂತ ಅಮ್ಮ ಹಟ ಹಿಡಿದಿದ್ದಾಳೆ. ಮಗಳಿಗೆ ಹಾಲೂಡಿಸುತ್ತಾ ಲತಾಮಣಿಯೂ ನಿನ್ನನ್ನು ಕೇಳಿದಳು ಅಂತ ಬರೆಯಲು ಹೇಳಿದಳು.

ನಿನ್ನ
ಸಿದ್ಧಾರ್ಥ


ಬೇಲೂರು
16 ಜನವರಿ 2001

ಸಿದ್ದೂ,

ನಿನ್ನ ಧ್ಯೇಯಗಳನ್ನು ಓದಿ ತಲೆನೋವು ಬಂತು. 'ಕಾರ್ಯಸ್ಥಳದ ಮಾದಕವಸ್ತು ಮುಕ್ತೀಕರಣದ ಪ್ರಕ್ರಿಯೆಯ ಉನ್ನತೀಕರಣಕ್ಕೆ ಬದ್ಧತೆ' ಅಂದರೆ ಏನೋ ಮಾರಾಯ? ನನ್ನ ಹತ್ತನೇ ಕ್ಲಾಸಿನ ಹುಡುಗರು ಹೀಗೆ ಬರೆದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಹಳೇಬೀಡಿಗೆ ಹೋಗುವ ಬಸ್ಸಿನಲ್ಲಿ ಕೂತು ತಿದ್ದಿದ್ದೇನೆ. ಅಕ್ಷರ ಅಲ್ಲಲ್ಲಿ ಕುಣಿದಿದ್ದರೆ ಅದು ರಸ್ತೆಯ ತಪ್ಪು.

ಕನ್ನಡ ತಿದ್ದಬಹುದು, ಬಿಡು. ವಿಷಯವನ್ನು ಯಾರು ತಿದ್ದುತ್ತಾರೆ? ಪರೀಕ್ಷೆ ಕಡ್ಡಾಯ ಮಾಡಿ ಅಂತ ಸರ್ಕಾರವನ್ನು ಒತ್ತಾಯಿಸುವುದು, ಕಂಪನಿಗಳಲ್ಲಿ ಅರಿವು ಮೂಡಿಸುವುದು, ಎಲ್ಲ ಲ್ಯಾಬುಗಳೂ ಒಂದೇ ರೀತಿ ಕೆಲಸ ಮಾಡುವುದು, ಸಂಘಕ್ಕೆ ಸೇರದವರಿಗೆ ಕೆಲಸ ಸಿಗದ ಹಾಗೆ ನೋಡಿಕೊಳ್ಳುವುದು. ಸರ್ಕಾರ ಬಂತು, ಮಾಲೀಕ ಬಂದ, ನೀವು ಬಂದಿರಿ. ಸೀಸೆಯೊಳಗೆ ಉಚ್ಚೆ ಹೊಯ್ದು ಕೊಡುವ ಮನುಷ್ಯ ಎಲ್ಲಿದ್ದಾನೋ? ಅಷ್ಟೂ ಹಾಳೆ ಹುಡುಕಿದೆ. ಒಂದು ಕಡೆಯೂ ಇಲ್ಲ.

ನಿಮ್ಮ ಭಾವ ನಾಮಕರಣಕ್ಕೆ ಖಂಡಿತ ಬರುತ್ತಾರೆ. ಮಂಗಳೂರಿಗೆ ಲೋಡು ಹೋಗುವುದಿತ್ತು, ಬೇರೆ ಡ್ರೈವರಿಗೆ ಹೇಳಿ ಬಿಡಿಸಿಕೊಂಡಿದ್ದಾರೆ. ಬಿಳಿ ಅಂಗಿ ಇಸ್ತ್ರಿ ಮಾಡಿಸಿ ಈಗಲೇ ಗೂಟಕ್ಕೆ ಹಾಕಿ, ಅದನ್ನು ಯಾರೂ ಮುಟ್ಟಬಾರದು ಅಂತ ಮನೆಯಲ್ಲಿ ಕಾನೂನು ಮಾಡಿದ್ದಾರೆ. ಅಮ್ಮನಿಗೆ ಮೊಣಕಾಲಿಗೆ ಎಣ್ಣೆ ಹಚ್ಚಲು ಹೇಳು. ಹೇಳಿದರೆ ಕೇಳುವುದಿಲ್ಲ, ನೀನೇ ಹಚ್ಚು.

ಮೀನಾಕ್ಷಿ


ಅರಸೀಕೆರೆ
20 ಜನವರಿ 2001

ಅಕ್ಕ,

ತಿದ್ದಿದ್ದು ಬಂತು. ಏಕಾಂತಯ್ಯನವರು ಓದಿ, "ನಿಮ್ಮಕ್ಕ ಭಾಳ ಚೆನ್ನಾಗಿ ಬರೀತಾರೆ ಕಣ್ರೀ" ಅಂದರು. ನೀನು ಕೇಳಿದ ಪ್ರಶ್ನೆಯನ್ನೂ ಅವರಿಗೆ ಹೇಳಿದೆ. ನಕ್ಕುಬಿಟ್ಟರು. ಅಕ್ಕ, ಇದು ಲ್ಯಾಬಿನವರ ಸಂಘ, ಕಾರ್ಮಿಕರ ಸಂಘವಲ್ಲ. ಕ್ಷೌರಿಕರ ಸಂಘದವರು ತಲೆಗೂದಲಿನ ಕ್ಷೇಮಕ್ಕೆ ಧ್ಯೇಯ ಬರೆಯುತ್ತಾರೆಯೇ?

ಆ ಮನುಷ್ಯನಿಗೆ ಅನ್ಯಾಯ ಆಗದಿರಲಿ ಅಂತಲೇ ಹೆಸರು ತೆಗೆದು ನಂಬರು ಹಾಕುತ್ತೇವೆ. ಯಾರ ಸೀಸೆ ಅಂತ ನನಗೇ ಗೊತ್ತಿರುವುದಿಲ್ಲ. ಸೀಸೆಗೆ ಅದ್ದಿ ನೋಡುವ ಕಾಗದದ ಪಟ್ಟಿಗೆ ಸ್ನೇಹ, ಸಂಬಂಧ ಏನೂ ಗೊತ್ತಿಲ್ಲ. ಇದಕ್ಕಿಂತ ನ್ಯಾಯ ಬೇಕೇ?

ಬೆಳಗಿನ ಬಸ್ಸಿಗೇ ಬನ್ನಿ. ಲತಾಮಣಿ ಗಸಗಸೆ ಪಾಯಸ ಮಾಡುತ್ತಾಳೆ, ಅಮ್ಮನ ಉಸ್ತುವಾರಿಯಲ್ಲಿ. ಭಾವನಿಗೆ ಇಷ್ಟ ಅಂತಲೇ.

ಸಿದ್ಧಾರ್ಥ


ಬೇಲೂರು
3 ಫೆಬ್ರವರಿ 2001

ಸಿದ್ದೂ,

ನಾಮಕರಣ ಎಷ್ಟು ಚೆನ್ನಾಗಿ ನಡೆಯಿತು ಅಂತ ಬರೆಯಬೇಕು ಅಂದುಕೊಂಡಿದ್ದೆ. ನಿಮ್ಮ ಭಾವ ಒಂದೊಂದು ಶೀಲ ಹೇಳಿದಾಗಲೂ ಅಮ್ಮ ಬೊಚ್ಚುಬಾಯಲ್ಲಿ ಅದನ್ನು ಒಪ್ಪಿಸಿದ್ದು, ಊಟಕ್ಕೆ ಕೂತಾಗ ನೀನು ಪಾಯಸದ ಪಾತ್ರೆ ಹಿಡಿದು, "ನಮ್ಮ ಭಾವ ಬೇಡ ಅನ್ನೋ ಹಂಗಿಲ್ಲ" ಅಂತ ಲೋಟದ ಮೇಲಿಟ್ಟ ಅವರ ಕೈ ಸರಿಸಿ ಸುರಿದದ್ದು, ಅವರು ಸಂಕೋಚಕ್ಕೆ ಕುಡಿದದ್ದು, ನೀನು ಮತ್ತೆ ಸುರಿದದ್ದು. ವಾಪಸ್ಸು ಬಸ್ಸಿನಲ್ಲಿ ಜಾವಗಲ್ಲಿಗೆ ಮುಂಚೆಯೇ ನಾವಿಬ್ಬರೂ ನಿದ್ದೆ ಹೋಗಿ, ಕಂಡಕ್ಟರು ಬೇಲೂರಿನಲ್ಲಿ ಎಬ್ಬಿಸಬೇಕಾಯಿತು. ಇದನ್ನೆಲ್ಲ ನಗುನಗುತ್ತಾ ಬರೆಯಬೇಕಾಗಿತ್ತು.

ನಿನ್ನೆ ನಿಮ್ಮ ಭಾವನನ್ನು ಕೆಲಸದಿಂದ ನಿಲ್ಲಿಸಿದ್ದಾರೆ. ಸೋಮವಾರ ಬೆಳಿಗ್ಗೆ ಡ್ರೈವರುಗಳೆಲ್ಲರ ಸೀಸೆ ತೆಗೆದುಕೊಂಡರಂತೆ. ಶುಕ್ರವಾರ ಮ್ಯಾನೇಜರು ಕರೆದು ಕಾಗದ ತೋರಿಸಿದರಂತೆ. ಹದಿನೇಳನೇ ನಂಬರಿನ ಸೀಸೆಯಲ್ಲಿ ಅಫೀಮು. ಹದಿನೇಳು ಅಂದರೆ ನಟರಾಜ್. ಕೆಳಗೆ ನಿನ್ನ ಸಹಿ.

ನಟರಾಜ್! ಮದುವೆ ಮನೆಯಲ್ಲಿ ಎಲೆಅಡಿಕೆ ಕೊಟ್ಟರೂ ಹೊಗೆಸೊಪ್ಪು ಇದೆಯೋ ಅಂತ ಬಿಡಿಸಿ ನೋಡುವ ಮನುಷ್ಯ. ಭಾನುವಾರ ಭಾನುವಾರ ನಮ್ಮ ಕೇರಿಯ ಬುದ್ಧವಂದನೆಗೆ ಮುಂದೆ ನಿಂತು, ಅಮಲು ಬರಿಸುವುದನ್ನು ಮುಟ್ಟುವುದಿಲ್ಲ ಅಂತ ಐದನೇ ಶೀಲ ಹೇಳಿಕೊಡುವವರು. ಅವರು ಹೇಳಿಕೊಟ್ಟರು ಅಂತಲೇ ಎಷ್ಟು ಜನ ಸಾರಾಯಿ ಬಿಟ್ಟಿಲ್ಲ?

ಮ್ಯಾನೇಜರು ಇನ್ನೊಂದು ಮಾತು ಅಂದನಂತೆ. "ನಿಮ್ಮವರಿಗೆ ಇದೆಲ್ಲ ಅಭ್ಯಾಸ ಬಿಡಪ್ಪ." 'ನಿಮ್ಮವರು' ಅಂದರೆ ಯಾರು ಅಂತ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ಫೋನು ಮಾಡಲು ಎಸ್‌ಟಿಡಿ ಬೂತಿಗೆ ಹೋದೆ. ಆಚೆ ಈಚೆ ಕ್ಯೂ ನಿಂತಿದ್ದರು. ಅವರ ಮುಂದೆ ಈ ಮಾತು ಆಡುವುದು ಬೇಡ ಅಂತ ವಾಪಸ್ಸು ಬಂದೆ. ತಪ್ಪಾಗಿದೆ ಅಂತ ಇವತ್ತೇ ಕಂಪನಿಗೆ ಬರೆದುಹಾಕು.

ಅಕ್ಕ


ಅರಸೀಕೆರೆ
7 ಫೆಬ್ರವರಿ 2001

ಅಕ್ಕ,

ನಿನ್ನ ಕಾಗದ ಓದಿ ಲ್ಯಾಬಿನ ಪುಸ್ತಕ ತೆಗೆದು ಹದಿನೇಳನೇ ನಂಬರು ಮತ್ತೆ ನೋಡಿದೆ. ಹದಿನೇಳು ಭಾವನದು ಅಂತ ದೇವರಾಣೆಗೂ ಗೊತ್ತಿರಲಿಲ್ಲ. ನೋಡು, ನಂಬದ ದೇವರ ಮೇಲೂ ಆಣೆ ಇಡುವ ಹಾಗಾಗಿದೆ ನನ್ನ ಸ್ಥಿತಿ.

ಆದರೆ ನೀನು ಕೇಳುತ್ತಿರುವುದು ನನ್ನಿಂದಾಗದ ಕೆಲಸ. ಆ ಸೀಸೆಯನ್ನು ನಾನೇ ನೋಡಿದ್ದು. ಪಟ್ಟಿಯನ್ನು ಅದ್ದಿದಾಗ ಗೆರೆ ಮೂಡಿದರೆ ಏನೂ ಇಲ್ಲ, ಮೂಡದಿದ್ದರೆ ಇದೆ ಅಂತ ಅರ್ಥ. ಮೂಡಲಿಲ್ಲ. ಬೇರೆ ಪಟ್ಟಿಯಲ್ಲೂ ನೋಡಿದೆ, ಮೂಡಲಿಲ್ಲ. ಭಾವನ ಸೀಸೆ ಅಂತ ಗೊತ್ತಾದ ಮೇಲೆ ಬದಲಾಯಿಸಿದರೆ ನನ್ನ ಲ್ಯಾಬಿಗೂ ಜಾತಕ ಹೇಳುವವನ ಅಂಗಡಿಗೂ ಏನು ವ್ಯತ್ಯಾಸ? ಸಂಘದ ಕಾರ್ಯದರ್ಶಿಯೇ ತನ್ನವರನ್ನು ಉಳಿಸಿಕೊಂಡ ಅಂತಾರೆ. ಅದರಲ್ಲೂ ನಾನು. 'ನಿಮ್ಮವರು' ಅನ್ನುವವರು ನನ್ನ ಸುತ್ತಲೂ ಇದ್ದಾರೆ ಅಕ್ಕ, ನಾನು ಜಾರಲಿ ಅಂತಲೇ ಕಾದಿದ್ದಾರೆ.

ಒಂದು ಮಾತು ಹೇಳುತ್ತೇನೆ, ಬೈಯಬೇಡ. ದೂರದ ಲಾರಿ ಓಡಿಸುವವರು ನಿದ್ದೆ ತಡೆಯಲು, ಮೈಕೈ ನೋವಿಗೆ ಅಂತ ಏನೇನೋ ನುಂಗುತ್ತಾರೆ. ಘಾಟಿಯ ಹೋಟೆಲುಗಳಲ್ಲಿ ಎಲ್ಲ ಸಿಗುತ್ತದೆ. ಎಷ್ಟೇ ಒಳ್ಳೆಯವರಾದರೂ ಒಂದು ಗಳಿಗೆ ಸೋಲುತ್ತಾರೆ. ಅವರ ಅಂಗಿಯ ಜೇಬು, ಲಾರಿಗೆ ಒಯ್ಯುವ ಚೀಲ ಒಂದು ಸಲ ನೋಡು. ಸಿಕ್ಕರೆ ಜಗಳ ಮಾಡಬೇಡ, ನನಗೆ ಹೇಳು. ಬೆಂಗಳೂರಿನಲ್ಲಿ ಒಳ್ಳೆಯ ಡಾಕ್ಟರಿದ್ದಾರೆ.

ಸಿದ್ಧಾರ್ಥ


ಬೇಲೂರು
10 ಫೆಬ್ರವರಿ 2001

ಸಿದ್ಧಾರ್ಥರವರೇ,

ಜೇಬು ಹುಡುಕಬೇಕಾ? ಹುಡುಕುತ್ತೇನೆ. ನಿನ್ನನ್ನು ಅರಸೀಕೆರೆ ರೈಲ್ವೆ ಸ್ಟೇಷನ್ನಿನಿಂದ ಹೆಗಲ ಮೇಲೆ ಕೂರಿಸಿಕೊಂಡು ಹಾಸ್ಟೆಲಿಗೆ ಬಿಟ್ಟುಬಂದ ಮನುಷ್ಯನ ಜೇಬನ್ನು ಹುಡುಕುತ್ತೇನೆ! ಒಂದು ಚೂರು ಕಾಗದದ ಪಟ್ಟಿ ಹೇಳಿತು, ನೀನು ನಂಬಿದೆ. ನಾನು ಅವರ ಜೊತೆ ಬಾಳುತ್ತಿರುವವಳು ಹೇಳಿದರೆ, ಅದು ಮಮತೆ, ಅದಕ್ಕೆ ಲೆಕ್ಕವಿಲ್ಲ.

ಈಗ ನಾನು ಕೇಳುವುದಕ್ಕೆ ಉತ್ತರ ಕೊಡು. ನಾಮಕರಣದ ಹಿಂದಿನ ದಿನ ಶನಿವಾರ ಅವರು ಮನೆಯಲ್ಲಿದ್ದರು. ಭಾನುವಾರ ಬೆಳಗಿನಿಂದ ನಿನ್ನ ಮನೆಯಲ್ಲಿದ್ದರು. ಅವರ ಮೈಯಲ್ಲಿ ಏನಾದರೂ ಇದ್ದರೆ ಅದು ನಿನ್ನ ಮನೆಯಿಂದಲೇ ಬಂದಿರಬೇಕು. ಕೋಸಂಬರಿ ತಿಂದರು, ಹುಳಿ ತಿಂದರು, ಪಾಯಸ ಕುಡಿದರು. ಇದನ್ನೇ ಸ್ಟಾಫ್ ರೂಮಿನಲ್ಲಿ ತಲೆ ಕೆಟ್ಟು ಹೇಳುತ್ತಿದ್ದೆ. ವಿಜ್ಞಾನದ ಮೇಷ್ಟ್ರು ಗಂಗಯ್ಯನವರು ಊಟದ ಡಬ್ಬಿ ಮುಚ್ಚಿ, "ಯಾವ ಪಾಯಸ ಮೇಡಂ?" ಅಂದರು. ಗಸಗಸೆ ಅಂದೆ. "ಅದು ಅಫೀಮಿನ ಗಿಡದ್ದೇ ಬೀಜ ಅಲ್ವಾ? ನಿಮ್ಮ ತಮ್ಮ ಅದನ್ನ ಯೋಚನೆ ಮಾಡಿಲ್ವಾ?" ಅಂದರು.

ನಿನ್ನ ಉದ್ದುದ್ದ ಸರ್ಟಿಫಿಕೇಟುಗಳನ್ನು ಗೋಡೆಗೆ ಹಾಕಿದ್ದೀಯಲ್ಲ, ಯೋಚನೆ ಮಾಡಿದೆಯಾ? ಪಟ್ಟಿ ಅದ್ದುವ ಮೊದಲು, "ಏನಪ್ಪ, ನಿನ್ನೆ ಏನು ಊಟ ಮಾಡಿದೆ?" ಅಂತ ಒಬ್ಬನನ್ನಾದರೂ ಕೇಳಿದೆಯಾ? ಹೇಗೆ ಕೇಳುತ್ತೀಯ, ನಂಬರು ಊಟ ಮಾಡುವುದಿಲ್ಲವಲ್ಲ!

ಲತಾಮಣಿಗೆ ಹೇಳಿ ಮತ್ತೆ ಪಾಯಸ ಮಾಡಿಸು. ನೀನೇ ಕುಡಿ. ಆಮೇಲೆ ನಿನ್ನ ಸೀಸೆಗೆ ನೀನೇ ಪಟ್ಟಿ ಅದ್ದು. ಅಲ್ಲಿಯವರೆಗೆ ನನಗೆ ಕಾಗದ ಬರೆಯಬೇಡ.

ಮೀನಾಕ್ಷಿ


ಅರಸೀಕೆರೆ
20 ಫೆಬ್ರವರಿ 2001

ಅಕ್ಕ,

ನಿನ್ನ ಬಾಯಿ ಮುಚ್ಚಿಸಬೇಕು ಅಂತಲೇ ಪಾಯಸ ಮಾಡಿಸಿದೆ, ಸುಳ್ಳು ಯಾಕೆ ಹೇಳಲಿ. ನಾನು ಕುಡಿದೆ, ಲತಾಮಣಿ ಕುಡಿದಳು. ಅಮ್ಮನಿಗೆ ಯಾಕೆ ಅಂತ ಹೇಳದೆಯೇ ಕೊಟ್ಟೆವು. ಮಾರನೇ ದಿನ ಬೆಳಿಗ್ಗೆ ಮೂವರದ್ದೂ ನೋಡಿದೆ.

ಗೆರೆ ಮೂಡಲಿಲ್ಲ. ನನ್ನದರಲ್ಲೂ ಇಲ್ಲ, ಲತಾಮಣಿಯದರಲ್ಲೂ ಇಲ್ಲ. ಅಮ್ಮನದರಲ್ಲಿ ಬಂದೀತು ಅಂತ ಕಾದೆ. ಇಲ್ಲ. ನನ್ನ ಲ್ಯಾಬಿನ ಪ್ರಕಾರ ನಮ್ಮಮ್ಮ ಮುದ್ದಮ್ಮ ಅಫೀಮು ತಿನ್ನುತ್ತಾಳೆ. ವಿಷಯ ಹೇಳಿದೆ. ಅವಳು ನಗಲಿಲ್ಲ. "ಹಂಗಾರೆ ನಟ್ರಾಜನ್ ಕೆಲ್ಸ ಕಳ್ದಿದ್ದು ನೀನೇ ಏನ್ಲಾ?" ಅಂದಳು. ಅಂದಿನಿಂದ ನನ್ನ ಕೈಲಿ ಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಿಲ್ಲ.

ಹಾಸನಕ್ಕೆ ಓಡಿಹೋಗಿ ಏಕಾಂತಯ್ಯನವರಿಗೆ ಹೇಳಿದೆ. ಅವರು ಆಶ್ಚರ್ಯಪಡಲೇ ಇಲ್ಲ ಅಕ್ಕ! "ಗಸಗಸೆ ತಾನೇ? ನಂಗೊತ್ತಿಲ್ವಾ? ಹೊರದೇಶದೋರು ಅದಕ್ಕೇ ಎರಡನೇ ಸಲ ದೊಡ್ಡ ಮಿಷನ್ನಲ್ಲಿ ನೋಡ್ತಾರೆ. ನಮ್ಮ ಹತ್ರ ಎಲ್ಲೈತ್ರೀ ಅದು? ಈಗ ಇದನ್ನ ಬಾಯ್ಬಿಟ್ರೆ ಒಬ್ಬ ಮಾಲೀಕನೂ ನಮ್ಮ ಹತ್ರ ಬರಲ್ಲ. ಉದ್ಘಾಟನೆ ಮುಗೀಲಿ" ಅಂದರು. ಗೊತ್ತಿದ್ದೂ ಸುಮ್ಮನಿದ್ದರು. ಎದ್ದು ಬಂದೆ.

ಒಂದು ದಾರಿ ಹೊಳೆದಿದೆ. ಮಾರ್ಚ್ ಹನ್ನೊಂದು ಕಳೆಯಲಿ. ಸೀಸೆಗಳು ಅದಲುಬದಲಾಗಿದ್ದವು ಅಂತ ಕಂಪನಿಗೆ ಗುಟ್ಟಾಗಿ ಒಂದು ಕಾಗದ ಬರೆಯುತ್ತೇನೆ. ಭಾವನಿಗೆ ಕೆಲಸ ವಾಪಸ್ಸು, ಸಂಘಕ್ಕೂ ಮರ್ಯಾದೆ ಉಳಿಯುತ್ತದೆ. ಅಲ್ಲಿಯವರೆಗೆ ತಡೆದುಕೋ.

ಸಿದ್ದು


ಬೇಲೂರು
24 ಫೆಬ್ರವರಿ 2001

ಸಿದ್ದು,

ಅದಲುಬದಲಾಗಿದೆ ಅಂದರೆ ಅಫೀಮು ಇನ್ನೊಬ್ಬ ಡ್ರೈವರಿನದು ಅಂತ ಆಯಿತಲ್ಲೋ. ಯಾರದು ಅಂತ ಹೇಳುತ್ತೀಯ? ಹದಿನಾರೋ, ಹದಿನೆಂಟೋ? ಅವನ ಹೆಂಡತಿಯೂ ಕಾಗದ ಬರೆಯಬೇಕೇ? ಅವಳಿಗೆ ಲ್ಯಾಬಿಟ್ಟ ತಮ್ಮನೂ ಇಲ್ಲ.

ಹೋದ ಭಾನುವಾರ ನಿಮ್ಮ ಭಾವ ವಂದನೆಗೆ ಹೋದರು. ನಾಲ್ಕು ಶೀಲ ಹೇಳಿದರು. ಐದನೆಯದಕ್ಕೆ ಬಂದು ನಿಂತುಬಿಟ್ಟರು. ಗಂಟಲು ಕಟ್ಟಿದೆ ಅಂತ ಕೈಸನ್ನೆ ಮಾಡಿ ಕೂತರು. ಕೇರಿಯ ಸಣ್ಣತಾಯಮ್ಮ ಎದ್ದು ಉಳಿದದ್ದನ್ನು ಹೇಳಿದಳು. ಮನೆಗೆ ಬಂದು ಪಾಯಸದ ವಿಷಯ ಮತ್ತೆ ಹೇಳಿದೆ, ನಿನ್ನೆ ನಿನ್ನ ಕಾಗದ ಬಂದಾಗ ಅದನ್ನೂ ಓದಿ ತೋರಿಸಿದೆ. "ಹೂಂ" ಅಂದರು ಅಷ್ಟೆ. ದನ ಕಟ್ಟಲು ಹೋದರು. ನಮ್ಮ ಮನೆಯಲ್ಲಿ ದನವೇ ಇಲ್ಲ ಸಿದ್ದು, ಪಕ್ಕದ ಮನೆಯವರ ದನ ಕಟ್ಟಲು ಹೋಗುತ್ತಾರೆ, ನನ್ನ ಮುಖ ನೋಡದೆ ಇರಲು.

ಗುಟ್ಟಿನ ಕಾಗದ ಬೇಡ. ಹೆಸರು ಕೆಟ್ಟದ್ದು ಎಲ್ಲರ ಎದುರಿಗೆ. ಸರಿಯಾಗುವುದೂ ಹಾಗೇ ಆಗಲಿ. ನಿನ್ನ ಕೈಲಾಗದಿದ್ದರೆ ಹೇಳಿಬಿಡು, ನಾನೇ ಹಾಸನಕ್ಕೆ ಬರುತ್ತೇನೆ. ನನಗೆ ಯಾವ ಸಂಘವೂ ಇಲ್ಲ.

ಅಕ್ಕ


ಅರಸೀಕೆರೆ
14 ಮಾರ್ಚ್ 2001

ಅಕ್ಕ,

ನೀನು ಬರುತ್ತೀಯೇನೋ ಅಂತ ಬಾಗಿಲ ಕಡೆಗೇ ನೋಡುತ್ತಿದ್ದೆ. ಬರಲಿಲ್ಲ. ಒಳ್ಳೆಯದೇ ಆಯಿತು, ನೀನು ಬಂದಿದ್ದರೆ ನಿನಗೆ ಹೆದರಿ ಹೇಳಿದೆ ಅಂತ ಆಗುತ್ತಿತ್ತು.

ಹಾಲ್ ತುಂಬಿತ್ತು. ಕಾಫಿ ಕಂಪನಿಗಳವರು, ಬಟ್ಟೆ ಕಾರ್ಖಾನೆಯವರು, ಮೊದಲ ಸಾಲಿನಲ್ಲೇ ಭಾವನ ಮ್ಯಾನೇಜರು. ನೀನು ತಿದ್ದಿಕೊಟ್ಟ ಧ್ಯೇಯಗಳನ್ನು ಓದಿದೆ. ಚಪ್ಪಾಳೆ ಬಿತ್ತು. ಇಳಿದುಬಿಡಬಹುದಿತ್ತು. ಕಾಲು ಒಂದು ಮೆಟ್ಟಿಲು ಇಳಿದೂ ಇತ್ತು. ವಾಪಸ್ಸು ಮೈಕಿನ ಹತ್ತಿರ ಹೋಗಿ, "ಇನ್ನೊಂದು ಧ್ಯೇಯ ಬಿಟ್ಟುಹೋಗಿದೆ" ಅಂದೆ. ಪರೀಕ್ಷೆ ಮಾಡುವ ಮುಂಚೆ ಆ ಮನುಷ್ಯ ಏನು ತಿಂದ, ಏನು ಔಷಧಿ ತಗೊಂಡ ಅಂತ ಅವನನ್ನೇ ಕೇಳಬೇಕು. ಎರಡನೇ ಪರೀಕ್ಷೆಯಲ್ಲಿ ಖಚಿತವಾಗುವವರೆಗೆ ಅವನ ಮೇಲೆ ಒಂದು ಮಾತೂ ಹೊರಡಬಾರದು. ಹೀಗೆ ಹೇಳಿದೆ, ತೊದಲುತ್ತಾ ತೊದಲುತ್ತಾ. ನಿನ್ನ ಹಾಗೆ ನೆಟ್ಟಗೆ ಹೇಳಲು ಬರಲಿಲ್ಲ.

ಯಾಕೆ ಅಂತ ಯಾರೋ ಕೂಗಿದರು. ಎಲ್ಲ ಹೇಳಿದೆ. ನಾಮಕರಣ, ಪಾಯಸ, ಹದಿನೇಳನೇ ಸೀಸೆ, ಅಮ್ಮನ ಸೀಸೆ. ನಟರಾಜ್ ಅನ್ನುವವರು ನನ್ನ ಭಾವ, ಅವರು ಯಾವ ಅಮಲನ್ನೂ ಮುಟ್ಟಿದವರಲ್ಲ, ನನ್ನ ವರದಿ ತಪ್ಪು ಅಂದೆ. ಹಿಂದಿನ ಸಾಲಿನಲ್ಲಿ ಒಬ್ಬ ಜೋರಾಗಿ ನಕ್ಕ. ಏಕಾಂತಯ್ಯನವರು ಮೈಕಿನ ವೈರು ಕೀಳಿಸಿದರು. ಆಗ ಬರಿ ಗಂಟಲಲ್ಲೇ ಮುಗಿಸಿದೆ.

ಮಧ್ಯಾಹ್ನವೇ ಕಾರ್ಯದರ್ಶಿ ಸ್ಥಾನ ಹೋಯಿತು. ಕಂಪನಿಯವರು ಮುಂದಿನ ಸೀಸೆಗಳನ್ನು ಬೇರೆ ಲ್ಯಾಬಿಗೆ ಕಳಿಸುತ್ತಾರಂತೆ. ಹೋಗಲಿ. ಅಮ್ಮ ಇವತ್ತು ಕಾಲು ಚಾಚಿ ಎಣ್ಣೆ ಬಟ್ಟಲು ನನ್ನ ಕಡೆ ತಳ್ಳಿದಳು. ನಾನು ಅತ್ತುಬಿಟ್ಟೆ ಅಕ್ಕ.

ಸಿದ್ದು


ಬೇಲೂರು
28 ಮಾರ್ಚ್ 2001

ಸಿದ್ದು,

ಮೊದಲು ಒಳ್ಳೆಯ ಸುದ್ದಿ. ನಿಮ್ಮ ಭಾವನನ್ನು ಮೊನ್ನೆ ಸೋಮವಾರದಿಂದ ಕೆಲಸಕ್ಕೆ ಕರೆದಿದ್ದಾರೆ. ಮ್ಯಾನೇಜರು ತಪ್ಪಾಯಿತು ಅನ್ನಲಿಲ್ಲ, ಕೀ ಕೈಗೆ ಕೊಟ್ಟ ಅಷ್ಟೆ. ಅದರ ಬದಲು ಗೇಟಿನ ಹತ್ತಿರ ಬೋರ್ಡಿಗೆ ಒಂದು ನೋಟೀಸು ಅಂಟಿಸಿದ್ದಾನಂತೆ. 'ನೌಕರರು ಗಸಗಸೆ ಸೇವಿಸುವುದನ್ನು ನಿಷೇಧಿಸಲಾಗಿದೆ.' ಇವರ ಬುದ್ಧಿಗೆ ಏನು ಹೇಳೋಣ! ಪರೀಕ್ಷೆ ಸರಿ ಮಾಡಿಕೊಳ್ಳಿ ಅಂದರೆ ಊಟ ಸರಿ ಮಾಡಿಕೊಳ್ಳಿ ಅನ್ನುತ್ತಾರೆ. ಹಬ್ಬದ ದಿನ ಯಾವ ಡ್ರೈವರಿನ ಮನೆಯಲ್ಲಿ ಏನು ಅರೆದರು ಅಂತ ಮ್ಯಾನೇಜರು ಬಂದು ಒರಳು ಮೂಸುತ್ತಾನೋ ಏನೋ.

ನೀನು ಮಾಡಿದ್ದಕ್ಕೆ ನನಗೆ ಹೆಮ್ಮೆ. ಒಂದೇ ಸಲ ಹೇಳುತ್ತೇನೆ, ಮತ್ತೆ ಕೇಳಬೇಡ.

ಆದರೆ ಇವರು ಸರಿಯಾಗಿಲ್ಲ. ಲಾರಿ ಓಡಿಸುತ್ತಾರೆ, ಉಣ್ಣುತ್ತಾರೆ, ಭಾನುವಾರ ವಂದನೆಗೂ ಹೋಗುತ್ತಾರೆ, ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಮುಂದೆ ನಿಲ್ಲುವುದಿಲ್ಲ. ಕೆಲಸ ಬಂತಲ್ಲ, ಹೆಸರು ಬಂತಲ್ಲ, ಇನ್ನೇನು ಬೇಕು ನಿಮಗೆ ಅಂತ ರೇಗಿದೆ. "ಸಿದ್ದು ಒಂದ್ಸಲ ಬರ್ಲಿ" ಅಂದರು. ಯಾಕೆ ಅಂದರೆ ಹೇಳಲಿಲ್ಲ. ಬರುವ ಭಾನುವಾರ ಬಾ.

ಅಕ್ಕ


ಅರಸೀಕೆರೆ
2 ಏಪ್ರಿಲ್ 2001

ಅಕ್ಕ,

ನಿನ್ನೆ ಬರಲಾಗಲಿಲ್ಲ. ಬರಲಾಗಲಿಲ್ಲ ಅನ್ನುವುದಕ್ಕಿಂತ ಬರಲಿಲ್ಲ. ಇನ್ನೂ ಎಷ್ಟು ಕಡೆ ನಿಂತು ಹೇಳಲಿ ಅಕ್ಕ? ಹಾಸನದಲ್ಲಿ ಅಷ್ಟು ಜನರ ಮುಂದೆ ಹೇಳಿದೆ, ಸ್ಥಾನ ಹೋಯಿತು, ಕೆಲಸ ಹೋಯಿತು. ಅರಸೀಕೆರೆಯಲ್ಲಿ ಹುಡುಗರು 'ಪಾಯಸದ ಲ್ಯಾಬು' ಅನ್ನುತ್ತಿದ್ದಾರೆ. ಈಗ ಕೇರಿಯವರ ಮುಂದೆಯೂ ತಲೆ ತಗ್ಗಿಸಿ ನಿಲ್ಲಬೇಕೇ? ಭಾವನಿಗೆ ನನ್ನ ಮೇಲೆ ಸಿಟ್ಟಿದ್ದರೆ ನೇರವಾಗಿ ಬೈದು ಕಾಗದ ಬರೆಯಲಿ, ಓದುತ್ತೇನೆ. ಈ ಮೌನ ತಡೆಯುವುದು ನನ್ನ ಕೈಲಾಗುವುದಿಲ್ಲ.

ಸಿದ್ಧಾರ್ಥ


ಅರೇಹಳ್ಳಿ
5 ಏಪ್ರಿಲ್ 2001

ಸಿದ್ದುಗೆ ನಿಮ್ಮ ಭಾವ ನಟರಾಜ್ ಬರೆಯುವುದು.

ಜೈಭೀಮ್. ನಾನು ಕಾಗದ ಬರೆದು ಎಷ್ಟೋ ವರ್ಷ ಆಯಿತು. ಏಳನೇ ಕ್ಲಾಸಿನ ಅಕ್ಷರ, ನಿಮ್ಮಕ್ಕನ ಕೈಗೆ ಸಿಕ್ಕಿದರೆ ಕೆಂಪು ಇಂಕಿನಲ್ಲಿ ಗೀಚುತ್ತಾಳೆ, ಅದಕ್ಕೆ ಅರೇಹಳ್ಳಿಯಲ್ಲಿ ಲೋಡು ತುಂಬುವಾಗ ಲಾರಿಯಲ್ಲೇ ಕೂತು ಬರೆಯುತ್ತಿದ್ದೇನೆ.

ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ಒಂದು ವಿಷಯ ನಿಮ್ಮಕ್ಕನಿಗೂ ಹೇಳಿಲ್ಲ. ಮ್ಯಾನೇಜರು ಕಾಗದ ತೋರಿಸಿದಾಗ ನಾನು ಇಲ್ಲ ಅಂತ ಕೂಗಾಡಿದೆ ಅಂತ ಅವಳು ತಿಳಿದಿದ್ದಾಳೆ. ನಾನು ಕೂಗಾಡಲಿಲ್ಲ. ಕೆಳಗೆ ನಿನ್ನ ಸಹಿ ನೋಡಿದೆ. ಸಿದ್ದು ಸಹಿ ಹಾಕಿದ್ದಾನೆ ಅಂದ ಮೇಲೆ ಇರಲೇಬೇಕು ಅಂದುಕೊಂಡೆ. ನಮ್ಮ ಮನೆಯಲ್ಲಿ ಮೊದಲು ವಿಜ್ಞಾನ ಓದಿದವನು ನೀನು. ನಿನ್ನ ಲ್ಯಾಬು ಸುಳ್ಳು ಹೇಳುತ್ತದೆ ಅಂತ ನನ್ನ ತಲೆಗೇ ಬರಲಿಲ್ಲ.

ಆಮೇಲೆ ಎಲ್ಲಿ, ಯಾವಾಗ ಅಂತ ಹುಡುಕಿದೆ. ಘಾಟಿಯಲ್ಲಿ ಯಾರೋ ಟೀಗೆ ಬೆರೆಸಿದರೋ, ಜ್ವರ ಬಂದಾಗ ಕ್ಲೀನರು ಕೊಟ್ಟ ಮಾತ್ರೆಯೋ. ಒಳ್ಳೆಯವನು ಅಂದುಕೊಂಡು ಓಡಾಡುತ್ತಿದ್ದೆ, ನನಗೇ ಗೊತ್ತಿಲ್ಲದ ಇನ್ನೊಬ್ಬ ನಟರಾಜ ನನ್ನೊಳಗೆ ಇದ್ದಾನೋ ಅಂತ ಭಯವಾಯಿತು. ಜೇಬು ನೋಡು ಅಂತ ನೀನು ಬರೆದಿದ್ದನ್ನು ನಾನೂ ಓದಿದೆ. ಬೇಜಾರಾಗಲಿಲ್ಲ. ಅಷ್ಟರಲ್ಲಿ ನಾನೇ ನನ್ನ ಜೇಬುಗಳನ್ನೆಲ್ಲ ಹುಡುಕಿ ಆಗಿತ್ತು.

ಕೇರಿಯವರು ಒಬ್ಬರೂ ನಂಬಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. "ಅಯ್ಯೋ, ಅದ್ಯಾವನ್ಗೋ ತಲೆ ಕೆಟ್ಟೈತೆ ಅಂದ್ಕಂಡೋ ಕಣಪ್ಪ, ನಿನ್ನ ಮ್ಯಾಲೆ ಯಾರ್ಗೆ ಅನುಮಾನ?" ಅಂದಳು ಸಣ್ಣತಾಯಮ್ಮ. ನಂಬಿದ್ದು ನಾನೊಬ್ಬನೇ. ಪಾಯಸ ಅಂತ ಈಗ ತಲೆಗೆ ಗೊತ್ತು. ಆದರೂ ಐದನೇ ಶೀಲಕ್ಕೆ ಬಂದಾಗ ನಿನ್ನ ಸಹಿಯೇ ಕಣ್ಣ ಮುಂದೆ ಬರುತ್ತದೆ, ಬಾಯಿ ಕಟ್ಟಿಕೊಳ್ಳುತ್ತದೆ.

ನೀನು ಯಾರ ಮುಂದೆಯೂ ಏನೂ ಹೇಳಬೇಕಾಗಿಲ್ಲ. ತಪ್ಪಾಯಿತು ಅಂತಲೂ ಅನ್ನಬೇಡ. ಭಾನುವಾರ ಬೆಳಿಗ್ಗೆ ಬಂದು ಮುಂದಿನ ಸಾಲಿನಲ್ಲಿ ಕೂತುಕೋ. ನಾನು ನಿನ್ನ ಮುಖ ನೋಡಿಕೊಂಡು ಹೇಳುತ್ತೇನೆ. ಆಗ ನೀನು ನನ್ನನ್ನು ನಂಬು. ನೀನು ನಂಬಿದರೆ ನಾನೂ ನಂಬುತ್ತೇನೆ.

ನಟರಾಜ್